ಇನೊಸೆನ್ಸ್ ಆಫ್ ಮುಸ್ಲಿಮ್ಸ್: ಅಷ್ಟು ದೊಡ್ಡ ಗಲಾಟೆಗೆ ಆ ವಿಡಿಯೋನೇ ಕಾರಣವಾ?

ಹಳೇಪೇಪರ್:

2012ರ ಸೆಪ್ಟೆಂಬರ್ ಗಲಾಟೆ ಬಗ್ಗೆ ಓದುತ್ತಿದ್ದೇನೆ. ಓದಿದಷ್ಟೂ ಗೊಂದಲ ಜಾಸ್ತಿ ಆಗುತ್ತಿದೆ. ಒಂದು ಕಡೆ, ಪ್ರವಾದಿ ಮಹಮ್ಮದರನ್ನು ಅವಮಾನಿಸುವ ಹದಿನಾಲ್ಕು ನಿಮಿಷದ ಟ್ರೇಲರ್ ಯೂಟ್ಯೂಬಿಗೆ ಬಂತು, ಅದರಿಂದಲೇ ಲಿಬಿಯಾದಲ್ಲಿ ಅಮೆರಿಕದ ರಾಯಭಾರಿ ಸತ್ತರು ಅನ್ನುತ್ತಾರೆ. ಇನ್ನೊಂದು ಕಡೆ, ವಿಡಿಯೋಗೂ ಅದಕ್ಕೂ ಸಂಬಂಧವೇ ಇಲ್ಲ, ಸರ್ಕಾರ ಸುಮ್ನೆ ನೆಪ ಹೇಳಿತು ಅನ್ನುತ್ತಾರೆ. ಯಾವುದು ನಿಜ?

ಇನ್ನೊಂದು ಪ್ರಶ್ನೆ. ಇಷ್ಟು ಜನ ಸಾಯುವುದು ಕಣ್ಣೆದುರೇ ಕಾಣುತ್ತಿದ್ದರೂ ಗೂಗಲ್ ಆ ವಿಡಿಯೋ ತೆಗೆಯಲಿಲ್ಲ ಯಾಕೆ? ಒಂದು ಬಟನ್ ಒತ್ತಿದ್ದರೆ ಮುಗಿಯುತ್ತಿತ್ತು ಅಲ್ವಾ?

ಬೈದಾಟ ಬೇಡ, ದಯವಿಟ್ಟು. ಗೊತ್ತಿರುವವರು ಹೇಳಿ.

ನೇರನುಡಿ:

ಇದರಲ್ಲಿ ಗೊಂದಲ ಏನಿದೆ? ಒಂದು ಕೆಟ್ಟ ಸಿನಿಮಾ ಬಂತು. ಸಹಿಸಲಾಗದವರು ಬೆಂಕಿ ಹಚ್ಚಿದರು. ಬೇರೆ ಧರ್ಮದವರ ಮೇಲೆ ಸಿನಿಮಾ ಬಂದರೆ ಯಾರಾದರೂ ಥಿಯೇಟರ್ ಸುಡುತ್ತಾರಾ?

ಸೌಂಡ್‌ರೂಮ್:

ನೇರನುಡಿ ಅವರೇ, ಸುಟ್ಟಿದ್ದಾರೆ. 1988ರ ಅಕ್ಟೋಬರ್‌ನಲ್ಲಿ ಪ್ಯಾರಿಸ್‌ನ ಸೇಂಟ್ ಮಿಷೆಲ್ ಥಿಯೇಟರ್‌ಗೆ ಕಟ್ಟರ್ ಕ್ಯಾಥೊಲಿಕರ ಗುಂಪೊಂದು ಬೆಂಕಿ ಇಟ್ಟಿತ್ತು. ಒಳಗೆ ಓಡುತ್ತಿದ್ದದ್ದು ಏಸುವಿನ ಮೇಲಿನ ಸಿನಿಮಾ, ದಿ ಲಾಸ್ಟ್ ಟೆಂಪ್ಟೇಷನ್ ಆಫ್ ಕ್ರೈಸ್ಟ್. ಪ್ರೇಕ್ಷಕರು ಒಳಗೇ ಇದ್ದರು, ಹಲವರಿಗೆ ಸುಟ್ಟ ಗಾಯಗಳಾದವು. ಈ ವಿಷಯ ಇಷ್ಟಕ್ಕೇ ಬಿಡೋಣ.

ಹಳೇಪೇಪರ್ ಅವರೇ, ನನ್ನ ಕೆಲಸ ಡಬ್ಬಿಂಗ್ ಸ್ಟುಡಿಯೋದಲ್ಲಿ. ಕಲಾವಿದರ ದನಿ ಹಿಡಿದು ತುಟಿಗೆ ಕೂರಿಸುವುದೇ ನನ್ನ ಹೊಟ್ಟೆಪಾಡು. ಹಾಗಾಗಿ ಆ ಟ್ರೇಲರ್‌ನ ರಾಜಕೀಯಕ್ಕಿಂತ ಮೊದಲು ನನ್ನ ಕಿವಿಗೆ ಬಿದ್ದದ್ದು ಅದರ ಶಬ್ದ. ಅಲ್ಲಿಂದಲೇ ಶುರು ಮಾಡುತ್ತೇನೆ. ಇಡೀ ಕಥೆ ಇರುವುದು ಅಲ್ಲೇ ಅಂತ ನನ್ನ ಅಭಿಪ್ರಾಯ.

ಪಾತ್ರ ಒಂದು ವಾಕ್ಯ ಹೇಳುತ್ತಿರುತ್ತದೆ. ನಡುವೆ ಒಂದು ಪದಕ್ಕೆ ದನಿ ಬದಲಾಗುತ್ತದೆ. ಹಿಂದಿನ ಗಾಳಿ, ಜಾಗದ ಗುಂಯ್ ಅನ್ನುವ ಸದ್ದು ಪಟ್ಟನೆ ನಿಲ್ಲುತ್ತದೆ. ಆ ಪದ ಮುಗಿದ ಮೇಲೆ ಮತ್ತೆ ಬರುತ್ತದೆ. ತುಟಿ ಒಂದು ಹೇಳುತ್ತಿದೆ, ಕಿವಿಗೆ ಇನ್ನೊಂದು ಕೇಳುತ್ತಿದೆ. ನಮ್ಮಲ್ಲಿ ಹೊಸದಾಗಿ ಸೇರಿದ ಹುಡುಗ ಇಂಥ ಕೆಲಸ ಮಾಡಿದರೆ ಮಧ್ಯಾಹ್ನದೊಳಗೆ ಮನೆಗೆ ಕಳಿಸುತ್ತಾರೆ. ಹೀಗೆ ತೇಪೆ ಹಾಕಿರುವುದು ಎಲ್ಲೆಲ್ಲಿ ಅಂತ ನೋಡಿ. ಧರ್ಮಕ್ಕೆ ಸಂಬಂಧಪಟ್ಟ ಮಾತು ಬಂದಲ್ಲೆಲ್ಲ.

ಯಾಕೆಂದರೆ ನಟರು ಮಾಡಿದ್ದೇ ಬೇರೆ ಸಿನಿಮಾ. 2011ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶೂಟಿಂಗ್ ಆಯಿತು. ಕಲಾವಿದರನ್ನು ಕರೆದಾಗ ಹೇಳಿದ ಹೆಸರು ಡೆಸರ್ಟ್ ವಾರಿಯರ್. ಹಳೇ ಕಾಲದ ಅರಬ್ ಮರುಭೂಮಿಯ ಸಾಹಸ ಕಥೆ ಅಂತ. ಮುಖ್ಯ ಪಾತ್ರದ ಹೆಸರು 'ಮಾಸ್ಟರ್ ಜಾರ್ಜ್'. ಮರುಭೂಮಿಯಲ್ಲಿ ಜಾರ್ಜ್! ಆಗಲೇ ಯಾರಾದರೂ ಅನುಮಾನ ಪಡಬೇಕಿತ್ತೇನೋ. ಆದರೆ ಕಡಿಮೆ ಬಜೆಟ್ ಸಿನಿಮಾ, ಚಿಕ್ಕ ಕಲಾವಿದರು, ಸಿಕ್ಕ ಕೆಲಸ. ಯಾರು ಕೇಳುತ್ತಾರೆ? ಎಡಿಟಿಂಗ್ ಹೊತ್ತಿಗೆ ಜಾರ್ಜ್ ಹೋಗಿ ಆ ಜಾಗಕ್ಕೆ ಪ್ರವಾದಿಯ ಹೆಸರು ಬಂತು. ಸಿಂಡಿ ಲೀ ಗಾರ್ಸಿಯಾ ಅನ್ನುವ ನಟಿಗೆ ಸಿಕ್ಕಿದ್ದು 500 ಡಾಲರ್, ಐದೇ ಸೆಕೆಂಡಿನಷ್ಟು ಪಾತ್ರ. ಅವರ ಬಾಯಿಗೆ ಪ್ರವಾದಿಯನ್ನು ತೀರಾ ಹೀನವಾಗಿ ನಿಂದಿಸುವ ಪ್ರಶ್ನೆಯೊಂದನ್ನು ತುರುಕಿದರು. ಆ ಮಾತು ಅವರು ಆಡಿದ್ದೇ ಅಲ್ಲ. ಕೊಲೆ ಬೆದರಿಕೆ ಬಂದಿದ್ದು ಮಾತ್ರ ಅವರಿಗೆ. ಸುಮಾರು 80 ಜನ ಕಲಾವಿದರು, ತಂತ್ರಜ್ಞರು ಸೇರಿ ನಮಗೆ ಮೋಸ ಆಗಿದೆ ಅಂತ ಹೇಳಿಕೆ ಕೊಟ್ಟರು. ಅಷ್ಟರಲ್ಲಿ ಕಾಲ ಮೀರಿತ್ತು.

ಮಾಡಿದವನು ನಕೌಲಾ ಬಾಸಿಲಿ ನಕೌಲಾ. ಈಜಿಪ್ಟ್ ಮೂಲದವನು, ಅಲ್ಲಿನ ಹಳೇ ಕ್ರೈಸ್ತ ಪಂಗಡವಾದ ಕಾಪ್ಟಿಕ್‌ಗೆ ಸೇರಿದವನು, ಅಮೆರಿಕದಲ್ಲಿ ವಾಸ, ಬ್ಯಾಂಕ್ ವಂಚನೆ ಕೇಸಿನಲ್ಲಿ ಆಗಲೇ ಜೈಲು ನೋಡಿ ಬಂದವನು. ಗಲಾಟೆ ಶುರುವಾದ ಮೇಲೆ ಪತ್ರಕರ್ತರಿಗೆ ಹೇಳಿದ್ದು ತಾನು ಸ್ಯಾಮ್ ಬಾಸಿಲ್, ಇಸ್ರೇಲಿ ಯಹೂದಿ, ನೂರು ಯಹೂದಿ ದಾನಿಗಳು 50 ಲಕ್ಷ ಡಾಲರ್ ಕೊಟ್ಟಿದ್ದಾರೆ ಅಂತ. ಶುದ್ಧ ಸುಳ್ಳು. ಇದನ್ನು ನೆನೆದರೆ ನನಗೆ ಈಗಲೂ ಮೈ ಉರಿಯುತ್ತದೆ. ಸಿನಿಮಾದಲ್ಲಿ ತನ್ನ ಮಾತನ್ನು ನಟರ ಬಾಯಿಗೆ ತುರುಕಿದ. ಹೊರಗೆ ತನ್ನ ಅಪರಾಧವನ್ನು ಯಹೂದಿಗಳ ತಲೆಗೆ ಕಟ್ಟಿದ. ಎರಡಕ್ಕೂ ಒಂದೇ ಕೈಚಳಕ. ಒಂದೆರಡು ದಿನ ಆ ಸುಳ್ಳೇ ಸುದ್ದಿಯಾಗಿ ಓಡಿತು.

ಈಗ ನಿಮ್ಮ ಪ್ರಶ್ನೆ. 2012ರ ಜೂನ್‌ನಲ್ಲಿ ಹಾಲಿವುಡ್‌ನ ಒಂದು ಥಿಯೇಟರ್‌ನಲ್ಲಿ ಇದನ್ನು ತೋರಿಸಿದರು, ಅದೂ ಬಿನ್ ಲಾಡೆನ್ ಹೆಸರಿನ ಟೈಟಲ್ ಹಾಕಿ. ಬಂದವರು ಬೆರಳೆಣಿಕೆಯ ಜನ. ಜುಲೈ ಮೊದಲ ವಾರ ಟ್ರೇಲರ್ ಯೂಟ್ಯೂಬಿಗೆ ಬಂತು. ಇಡೀ ಜುಲೈ, ಇಡೀ ಆಗಸ್ಟ್ ಯಾರೂ ಮೂಸಿ ನೋಡಲಿಲ್ಲ. ಅಲ್ಲಿಗೇ ಸತ್ತುಹೋಗಬೇಕಿದ್ದ ವಿಡಿಯೋ ಅದು.

ಅದಕ್ಕೆ ಜೀವ ಬಂದಿದ್ದು ಅರೇಬಿಕ್ ಡಬ್ಬಿಂಗ್ ಆದ ಮೇಲೆ. ಅಮೆರಿಕದಲ್ಲಿದ್ದ ಇನ್ನೊಬ್ಬ ಕಾಪ್ಟಿಕ್ ಪ್ರಚಾರಕ ಅದನ್ನು ಈಜಿಪ್ಟಿನ ಪತ್ರಕರ್ತರಿಗೆ ಹಂಚಿದ. ಸೆಪ್ಟೆಂಬರ್ 8ಕ್ಕೆ ಕೈರೋದ ಅಲ್ ನಾಸ್ ಅನ್ನುವ ಧಾರ್ಮಿಕ ಚಾನೆಲ್ ಅದರ ತುಣುಕು ಹಾಕಿತು. ಯೋಚನೆ ಮಾಡಿ, ಪ್ರವಾದಿಗೆ ಅವಮಾನ ಆಗಿದೆ ಅಂತ ಕೂಗುವ ಚಾನೆಲ್ಲೇ ಆ ಅವಮಾನವನ್ನು ಮನೆಮನೆಗೆ ತಲುಪಿಸಿತು. ಎರಡೂ ಕಡೆಯವರಿಗೆ ಬೇಕಾಗಿದ್ದದ್ದು ಒಂದೇ. ಜನ ನೋಡಬೇಕು, ಉರಿಯಬೇಕು. ಮೂರು ದಿನದಲ್ಲಿ, ಸೆಪ್ಟೆಂಬರ್ 11ರಂದು, ಕೈರೋದ ಅಮೆರಿಕ ರಾಯಭಾರ ಕಚೇರಿ ಗೋಡೆ ಹತ್ತಿ ಬಾವುಟ ಕಿತ್ತರು. ಕೈರೋ ಗಲಾಟೆ ನಡೆದದ್ದು ವಿಡಿಯೋದಿಂದಲೇ. ಅದರಲ್ಲಿ ಅನುಮಾನ ಇಲ್ಲ.

ಲಿಬಿಯಾದ ಬೆಂಗಾಜಿ ಊರಿನ ಕಥೆ ಬೇರೆ. ಅದೇ ರಾತ್ರಿ ಅಲ್ಲಿನ ಅಮೆರಿಕದ ಕಚೇರಿಗಳ ಮೇಲೆ ನಡೆದದ್ದು ಬಂದೂಕು, ರಾಕೆಟ್ ಲಾಂಚರ್ ಹಿಡಿದವರ ದಾಳಿ. ರಾಯಭಾರಿ ಕ್ರಿಸ್ ಸ್ಟೀವನ್ಸ್ ಹೊಗೆ ತುಂಬಿ ಉಸಿರುಗಟ್ಟಿ ಸತ್ತರು. ಜೊತೆಗೆ ಇನ್ನೂ ಮೂವರು ಅಮೆರಿಕನ್ನರು ಸತ್ತರು: ಶಾನ್ ಸ್ಮಿತ್, ಟೈರೋನ್ ವುಡ್ಸ್, ಗ್ಲೆನ್ ಡೊಹರ್ಟಿ. ವಿಶ್ವಸಂಸ್ಥೆಯಲ್ಲಿ ಆಗ ಅಮೆರಿಕದ ರಾಯಭಾರಿಯಾಗಿದ್ದ ಸುಸಾನ್ ರೈಸ್ ಸೆಪ್ಟೆಂಬರ್ 16ರ ಭಾನುವಾರ ಟಿವಿಯಲ್ಲಿ ಕೂತು, ವಿಡಿಯೋ ವಿರುದ್ಧದ ಪ್ರತಿಭಟನೆಯಾಗಿ ಶುರುವಾದದ್ದು ಕೈಮೀರಿತು ಅನ್ನುವ ಅರ್ಥದಲ್ಲಿ ಮಾತಾಡಿದರು. ಡಿಸೆಂಬರ್‌ನಲ್ಲಿ ಬಂದ ಅಧಿಕೃತ ತನಿಖಾ ವರದಿ ಹೇಳಿದ್ದು, ದಾಳಿಗೆ ಮೊದಲು ಅಲ್ಲಿ ಪ್ರತಿಭಟನೆಯೇ ನಡೆದಿರಲಿಲ್ಲ ಅಂತ. ಹಾಗಂತ ವಿಡಿಯೋಗೆ ಸಂಬಂಧವೇ ಇಲ್ಲ ಅಂತಲೂ ಹೇಳಲಾಗದು. 2013ರ ಕೊನೆಗೆ ನ್ಯೂಯಾರ್ಕ್ ಟೈಮ್ಸ್ ಸ್ಥಳೀಯರನ್ನು ಮಾತಾಡಿಸಿ ಬರೆದ ದೊಡ್ಡ ವರದಿಯಲ್ಲಿ, ವಿಡಿಯೋ ಮೇಲಿನ ಸಿಟ್ಟೂ ದಾಳಿಕೋರರನ್ನು ಕೆರಳಿಸಿತ್ತು ಅಂತಿದೆ. ನನಗೆ ಅನ್ನಿಸುವುದು ಇಷ್ಟು. ಆಯುಧ ಮೊದಲೇ ಇತ್ತು, ಮನಸ್ಸೂ ಇತ್ತು. ಆ ದಿನ ಒಂದು ಕಾರಣವೂ ಸಿಕ್ಕಿತು. ಅಮೆರಿಕದಲ್ಲಿ ಎರಡೂ ಪಕ್ಷದವರು ತಮಗೆ ಬೇಕಾದ ಅರ್ಧ ಮಾತ್ರ ಹಿಡಿದುಕೊಂಡು ವರ್ಷಗಟ್ಟಲೆ ಜಗಳ ಆಡಿದರು.

ರಫೀಕ್‌ಮಾಸ್ತರ್:

ಸೌಂಡ್‌ರೂಮ್ ಸರ್ ಹೇಳಿದ್ದಕ್ಕೆ ಸ್ವಲ್ಪ ಸೇರಿಸುತ್ತೇನೆ. ನಾನು ಆ ಟ್ರೇಲರ್ ನೋಡಿಲ್ಲ, ನೋಡುವುದೂ ಇಲ್ಲ. ಅದರಲ್ಲಿ ಏನಿದೆ ಅಂತ ಕೇಳಿಯೇ ನೋವಾಗಿತ್ತು. ಈ ನೋವು ಸುಳ್ಳಲ್ಲ. ಅದನ್ನು ಯಾರೋ ಕೆರಳಿಸಿದ್ದು, ಎಲ್ಲಾ ನಾಟಕ ಅಂತ ತಳ್ಳಿಹಾಕಬೇಡಿ.

ಆದರೆ ಸೆಪ್ಟೆಂಬರ್ 21, ಶುಕ್ರವಾರ, ಆ ಒಂದೇ ದಿನ ಎರಡು ದೇಶಗಳಲ್ಲಿ ಏನಾಯಿತು ನೋಡಿ. ಪಾಕಿಸ್ತಾನದಲ್ಲಿ ಸರ್ಕಾರವೇ ರಜೆ ಕೊಟ್ಟು, ಪ್ರವಾದಿಯ ಮೇಲಿನ ಪ್ರೀತಿಯ ದಿನ ಅಂತ ಘೋಷಿಸಿತು. ಕರಾಚಿ, ಪೇಶಾವರದಲ್ಲಿ ಗುಂಪುಗಳು ಬೀದಿಗಿಳಿದವು. ಆ ದಿನ ಸತ್ತವರು ಇಪ್ಪತ್ತಕ್ಕೂ ಹೆಚ್ಚು. ಬಹುತೇಕ ಎಲ್ಲರೂ ಪಾಕಿಸ್ತಾನಿಗಳು, ಮುಸ್ಲಿಮರು. ಪೇಶಾವರದಲ್ಲಿ ಟಿವಿ ಚಾನೆಲ್ ಒಂದರ ಡ್ರೈವರ್ ಗುಂಡೇಟಿಗೆ ಸತ್ತ. ಕರಾಚಿಯ ನಿಶಾತ್ ಥಿಯೇಟರ್ ಸುಟ್ಟು ಬೂದಿ. ಅಲ್ಲಿ ಈ ಸಿನಿಮಾ ಓಡಿರಲೇ ಇಲ್ಲ! ಪಾಕಿಸ್ತಾನದಲ್ಲಿ ಎಲ್ಲೂ ಓಡಿರಲಿಲ್ಲ! ಮಾರನೇ ದಿನ ರೈಲ್ವೆ ಮಂತ್ರಿ ಗುಲಾಂ ಅಹ್ಮದ್ ಬಿಲೂರ್, ಸಿನಿಮಾ ಮಾಡಿದವನನ್ನು ಕೊಂದವರಿಗೆ ಒಂದು ಲಕ್ಷ ಡಾಲರ್ ಬಹುಮಾನ ಅಂದರು. ಅವರ ಪಕ್ಷವೇ ಅದು ನಮ್ಮ ನಿಲುವಲ್ಲ ಅಂತ ಕೈ ತೊಳೆದುಕೊಂಡಿತು.

ಅದೇ ಶುಕ್ರವಾರ ಬೆಂಗಾಜಿಯಲ್ಲಿ ಸಾವಿರಾರು ಜನ ಬೀದಿಗೆ ಬಂದರು. ಅಮೆರಿಕದ ವಿರುದ್ಧ ಅಲ್ಲ. ಬಂದೂಕು ಹಿಡಿದ ಗುಂಪುಗಳ ವಿರುದ್ಧ. ದಾಳಿಯಲ್ಲಿ ಹೆಸರು ಕೇಳಿಬಂದ ಅನ್ಸಾರ್ ಅಲ್ ಶರಿಯಾ ಅನ್ನುವ ಬಂದೂಕುಧಾರಿ ಗುಂಪಿನ ಠಾಣ್ಯಕ್ಕೇ ನುಗ್ಗಿ ಅವರನ್ನು ಹೊರಗೆ ಅಟ್ಟಿದರು. ರಾಯಭಾರಿ ಸ್ಟೀವನ್ಸ್ ಬೆಂಗಾಜಿಯವರಿಗೆ ಹೊಸಬರಲ್ಲ. 2011ರಲ್ಲಿ ಗಡಾಫಿ ವಿರುದ್ಧ ದಂಗೆ ನಡೆಯುತ್ತಿದ್ದಾಗ ಗ್ರೀಕ್ ಸರಕು ಹಡಗು ಹತ್ತಿ ಆ ಊರಿಗೆ ಬಂದ ಮನುಷ್ಯ. ಬೀದಿಗೆ ಬಂದ ಆ ಜನರೂ ಮುಸ್ಲಿಮರೇ, ಅವರಿಗೂ ಆ ವಿಡಿಯೋ ನೋವು ಕೊಟ್ಟಿತ್ತು. ನೇರನುಡಿ ಅವರ ಲೆಕ್ಕದಲ್ಲಿ ಈ ಜನ ಯಾಕೆ ಬರುವುದಿಲ್ಲ?

ನೇರನುಡಿ:

ಬೆಂಗಾಜಿಯ ಆ ಮೆರವಣಿಗೆ ವಿಷಯ ನನಗೆ ಗೊತ್ತಿರಲಿಲ್ಲ. ಆದರೂ ಒಂದು ವಿಡಿಯೋಗೆ ಇಷ್ಟು ಹೆಣ ಬಿದ್ದಿದ್ದು ಒಪ್ಪುವ ಮಾತಲ್ಲ ಅನ್ನುವುದರಲ್ಲಿ ನಾನು ಹಿಂದೆ ಸರಿಯಲ್ಲ.

ರಫೀಕ್‌ಮಾಸ್ತರ್:

ಸರಿಯಬೇಡಿ. ನಾನೂ ಅದನ್ನೇ ಹೇಳಿದ್ದು.

ಕಪ್ಪುಕೋಟು:

ವಿಡಿಯೋ ತೆಗೆಯಲಿಲ್ಲ ಯಾಕೆ ಅನ್ನುವುದಕ್ಕೆ ನಾನು ಉತ್ತರಿಸುತ್ತೇನೆ, ಕಾನೂನು ಓದಿದವನು.

ಅಮೆರಿಕದಲ್ಲಿ ಧರ್ಮನಿಂದನೆ ಶಿಕ್ಷೆಯಾಗುವ ಅಪರಾಧ ಅಲ್ಲ. ಅಲ್ಲಿನ ಸುಪ್ರೀಂ ಕೋರ್ಟಿನ 1969ರ ಬ್ರಾಂಡೆನ್‌ಬರ್ಗ್ ತೀರ್ಪಿನ ಪ್ರಕಾರ, ಕೂಡಲೇ ಕಾನೂನು ಮುರಿಯಿರಿ ಅಂತ ಹುರಿದುಂಬಿಸಿ, ಹಾಗೆ ಆಗುವ ಸಾಧ್ಯತೆಯೂ ಇದ್ದರೆ ಮಾತ್ರ ಮಾತಿಗೆ ಶಿಕ್ಷೆ. ಮಾತಿನಿಂದ ಕೆರಳಿದವರು ಹೊಡೆಯಲು ಬಂದರೆ ಅದು ಈ ಲೆಕ್ಕಕ್ಕೆ ಬರುವುದಿಲ್ಲ. ಇದು ನಿಯಮಕ್ಕೆ ವಿರುದ್ಧವಾ ನೋಡಿ ಅಂತ ಶ್ವೇತಭವನ ಯೂಟ್ಯೂಬನ್ನು ಕೇಳಿತು. ನಮ್ಮ ನಿಯಮದೊಳಗೇ ಇದೆ ಅಂತ ಉತ್ತರ ಬಂತು. ಆದರೆ ಈಜಿಪ್ಟ್, ಲಿಬಿಯಾದಲ್ಲಿ ಗೂಗಲ್ ತಾನಾಗಿಯೇ ತಡೆಯಿತು. ಭಾರತ, ಇಂಡೋನೇಷ್ಯಾದಂಥ ಕಡೆ ಅಲ್ಲಿನ ಕಾನೂನು ನೋಡಿ ತಡೆಯಿತು. ಪಾಕಿಸ್ತಾನ ಯೂಟ್ಯೂಬನ್ನೇ ಬಂದ್ ಮಾಡಿತು. ಅದು ಮತ್ತೆ ತೆರೆದದ್ದು 2016ರ ಜನವರಿಯಲ್ಲಿ. ಒಂದು ವಿಡಿಯೋ ಸಲುವಾಗಿ ಮೂರು ವರ್ಷಕ್ಕೂ ಮೇಲೆ ಪಾಠದ ವಿಡಿಯೋ, ಹಾಡು, ಅಡುಗೆ ಎಲ್ಲಾ ಹೋಯಿತು.

ನಕೌಲಾ ಜೈಲಿಗೆ ಹೋದ, ಆದರೆ ಸಿನಿಮಾ ಮಾಡಿದ್ದಕ್ಕಲ್ಲ. ವಂಚನೆ ಕೇಸಿನ ಬಿಡುಗಡೆ ಷರತ್ತು ಮುರಿದು ಸುಳ್ಳು ಹೆಸರು ಬಳಸಿದ್ದಕ್ಕೆ ಒಂದು ವರ್ಷ.

ಎಲ್ಲಕ್ಕಿಂತ ವಿಚಿತ್ರ ಗಾರ್ಸಿಯಾ ಕೇಸು. ಅವರು ಗೂಗಲ್ ಮೇಲೆ ಕಾಪಿರೈಟ್ ಕೇಸು ಹಾಕಿದರು. ನನ್ನ ಅಭಿನಯ ನನ್ನದು, ಅದನ್ನು ಹೀಗೆ ಬಳಸಲು ನಾನು ಒಪ್ಪಿಲ್ಲ ಅಂತ. 2014ರ ಫೆಬ್ರವರಿಯಲ್ಲಿ ಮೇಲ್ಮನವಿ ಕೋರ್ಟಿನ ಮೂವರ ಪೀಠ ಅವರ ಪರ ತೀರ್ಪು ಕೊಟ್ಟಿತು, ವಿಡಿಯೋ ಇಳಿಯಿತು. 2015ರ ಮೇನಲ್ಲಿ ಅದೇ ಕೋರ್ಟಿನ ದೊಡ್ಡ ಪೀಠ ಆ ತೀರ್ಪನ್ನು ತಿರುಗಿಸಿತು. ಪ್ರತಿ ನಟನಿಗೂ ತನ್ನ ತುಣುಕಿನ ಮೇಲೆ ಬೇರೆ ಕಾಪಿರೈಟ್ ಕೊಟ್ಟರೆ ಸಿನಿಮಾ ಅನ್ನುವುದೇ ಛಿದ್ರವಾಗುತ್ತದೆ ಅನ್ನುವ ವಾದ. ಅಂದರೆ ದೊಡ್ಡ ದೇಶಗಳ ಸಿಟ್ಟಿಗೆ ಇಳಿಯದ ವಿಡಿಯೋ ಒಬ್ಬ ನಟಿಯ ಕೇಸಿಗೆ ಒಂದು ವರ್ಷಕ್ಕೂ ಮೇಲೆ ಇಳಿದಿತ್ತು.

ಹಳೇಪೇಪರ್:

ಎಲ್ಲರಿಗೂ ಥ್ಯಾಂಕ್ಸ್. ಸೌಂಡ್‌ರೂಮ್ ಅವರೇ, ನೀವು ಡಬ್ಬಿಂಗ್‌ನವರು ಅಂದಿರಿ. ಗಾರ್ಸಿಯಾ ಸೋತದ್ದು ಸರಿ ಅನ್ನಿಸುತ್ತದಾ ನಿಮಗೆ?

ಸೌಂಡ್‌ರೂಮ್:

ಕಾನೂನಿನ ತರ್ಕ ಅರ್ಥ ಆಗುತ್ತದೆ. ನಾಳೆ ಸಂಭಾವನೆ ಜಗಳ ಆದಾಗ ಪ್ರತಿ ಸಹನಟ ನನ್ನ ಸೀನ್ ತೆಗೀರಿ ಅಂದರೆ ಯಾವ ಸಿನಿಮಾನೂ ಉಳಿಯಲ್ಲ. ಅಷ್ಟು ಒಪ್ಪುತ್ತೇನೆ.

ಆದರೆ ಇದು ಸಂಭಾವನೆ ಜಗಳ ಅಲ್ಲ. ದನಿ ಬದಲಿಸುವುದು ನಮ್ಮಲ್ಲಿ ದಿನನಿತ್ಯದ ಕೆಲಸ. ಶೂಟಿಂಗ್‌ನಲ್ಲಿ ಹೇಳಿದ್ದು ಒಂದು, ಥಿಯೇಟರ್‌ಗೆ ಹೋಗುವುದು ಇನ್ನೊಂದು. ಕಥೆ ಅದೇ ಇರುವ ತನಕ ಯಾವ ನಟನೂ ತಕರಾರು ಮಾಡುವುದಿಲ್ಲ. ಇಲ್ಲಿ ಅವರ ಮುಖ ಇಟ್ಟುಕೊಂಡು ಕಥೆಯನ್ನೇ ಬದಲಿಸಿದರು. ಆ ಮುಖಕ್ಕೆ ಕೊಲೆ ಬೆದರಿಕೆ ಬಂತು. ಇದಕ್ಕೆ ಕಾಪಿರೈಟ್ ಸರಿಯಾದ ಬಾಗಿಲು ಅಲ್ಲದಿರಬಹುದು. ಬೇರೆ ಬಾಗಿಲು ತೋರಿಸಬೇಕಿತ್ತು. ಮೋಸದ ಕೇಸನ್ನು ಗಾರ್ಸಿಯಾ ನಕೌಲಾ ಮೇಲೂ ಹಾಕಿದ್ದರು. ಆದರೆ ಅದರಿಂದ ಕೈಗೆ ಏನು ಬರುತ್ತದೆ? ಅವನು ಬ್ಯಾಂಕಿಗೆ ಕಟ್ಟಬೇಕಿದ್ದ ಪರಿಹಾರವೇ 7 ಲಕ್ಷದ 90 ಸಾವಿರ ಡಾಲರ್ ಮೀರಿತ್ತು.

ಇನ್ನೊಂದು, ಯಾರಾದರೂ ಲಿಂಕ್ ಕೇಳಿದರೆ ನಾನು ಹಾಕಲ್ಲ. ಡಬ್ಬಿಂಗ್ ಹೇಗಿದೆ ಅಂತ ಕುತೂಹಲ ಇದ್ದವರಿಗೆ ಮೇಲೆ ಬರೆದಿರುವುದು ಸಾಕು. ಅದಕ್ಕಿಂತ ಒಳ್ಳೆಯದು ಅದರಲ್ಲಿ ಏನೂ ಇಲ್ಲ.