ವಾಟ್ಸ್ಆಪ್‌ನಲ್ಲಿ ‘ಒಪ್ಪಿದೆ’ ಅಂತ ಒತ್ತಿದ್ದು ಒಪ್ಪಿಗೆಯೇ?

ರಮ್ಯಾ, ಮೈಸೂರು: 2021ರ ಜನವರಿಯಲ್ಲಿ ವಾಟ್ಸ್ಆಪ್ ನಮ್ಮ ಮಾಹಿತಿಯನ್ನ ಮಾಲೀಕ ಕಂಪನಿಯ ಜೊತೆ ಹಂಚಿಕೊಳ್ಳೋ ಹೊಸ ಗೋಪ್ಯತಾ ನೀತಿ ತಂದು, ಫೆಬ್ರವರಿ 8ರೊಳಗೆ ಒಪ್ಪಲೇಬೇಕು ಅಂದಿತ್ತು. ಗದ್ದಲ ಎದ್ದು ಗಡುವು ಮೇ 15ಕ್ಕೆ ಹೋಯಿತು. ಆ ಬಲವಂತಕ್ಕೆ 2024ರಲ್ಲಿ ಕಂಪನಿಗಳ ಪೈಪೋಟಿ ನ್ಯಾಯವಾಗಿದೆಯಾ ಅಂತ ನೋಡೋ ಭಾರತದ ಸ್ಪರ್ಧಾ ಆಯೋಗ, ವಾಟ್ಸ್ಆಪ್ ಮತ್ತು ಫೇಸ್‌ಬುಕ್ ಎರಡರ ಮಾಲೀಕ ಕಂಪನಿ ಮೆಟಾಗೆ 213 ಕೋಟಿ ರೂಪಾಯಿ ದಂಡ ಹಾಕಿತು. ನಿಮ್ಮಲ್ಲಿ ಎಷ್ಟು ಜನ ಓದಿ ಒಪ್ಪಿದ್ರಿ?

ಭಟ್ಟರು, ಶಿರಸಿ: ಓದಿಲ್ಲ. ಓದಿದ್ರೂ ಏನು ಮಾಡ್ಲಿಕ್ಕಿತ್ತು ಮಾರಾಯ್ರೆ? ಅಡಿಕೆ ಧಾರಣೆ, ಸೊಸೈಟಿ ಸೂಚನೆ, ಬೆಂಗಳೂರಲ್ಲಿರೋ ಮಗಳ ಫೋನು, ಎಲ್ಲ ಅದರಲ್ಲೇ.

ಕಿರಣ್: ಇಷ್ಟು ಹೆದರಬೇಕಿಲ್ಲ. 2016ರಿಂದ ನಮ್ಮ ಮೆಸೇಜುಗಳಿಗೆ ಎಂಡ್-ಟು-ಎಂಡ್ ಎನ್‌ಕ್ರಿಪ್ಷನ್ ಇದೆ, ಅಂದ್ರೆ ಕಳಿಸಿದವರು, ಪಡೆದವರು ಬಿಟ್ಟು ಬೇರೆ ಯಾರೂ ತೆರೆಯೋಕಾಗದ ಬೀಗ; ಮನೆಯವರ ಜೊತೆಗಿನ ಮಾತು ಕಂಪನಿಗೂ ಕಾಣಲ್ಲ. ದುಡ್ಡು ಕೊಡದೆ ಬಳಸ್ತೀವಿ, ಜಾಹೀರಾತಿನಿಂದ ಅವರು ದುಡೀತಾರೆ. ಮುಚ್ಚಿಡೋ ಅಂಥದ್ದು ನನ್ನ ಹತ್ತಿರ ಏನೂ ಇಲ್ಲ.

ರಮ್ಯಾ, ಮೈಸೂರು: ಮೆಸೇಜಿನ ವಿಷಯದಲ್ಲಿ ನೀವು ಹೇಳಿದ್ದು ಸರಿ ಕಿರಣ್. ಆದರೆ ಯಾವ ಫೋನು, ಯಾವ ನಂಬರುಗಳು, ಎಷ್ಟು ಹೊತ್ತಿಗೆ ಬಳಕೆ ಅನ್ನೋದಕ್ಕೆ ಆ ಬೀಗ ಇಲ್ಲ. ಇನ್ನು ‘ನನ್ನ ಹತ್ತಿರ’ ಅಂದ್ರಲ್ಲ, ಅಲ್ಲೇ ನನ್ನ ತಕರಾರು. ಕೇಂಬ್ರಿಡ್ಜ್ ಅನಲಿಟಿಕಾ ಅನ್ನೋ ಚುನಾವಣಾ ಸಲಹಾ ಕಂಪನಿಗೆ ಒಂದು ರಸಪ್ರಶ್ನೆ ಆ್ಯಪಿನಿಂದ ಫೇಸ್‌ಬುಕ್ ಬಳಕೆದಾರರ ಮಾಹಿತಿ ಹೋದ ಪ್ರಕರಣದಲ್ಲಿ, ಆ ಆ್ಯಪ್ ಹಾಕಿಕೊಂಡ ಭಾರತೀಯರು ಬರೀ 335. ಮಾಹಿತಿ ಸೋರಿರಬಹುದು ಅಂತ 2018ರಲ್ಲಿ ಫೇಸ್‌ಬುಕ್ಕೇ ಕೊಟ್ಟ ಲೆಕ್ಕ 5.62 ಲಕ್ಷ ಜನರದ್ದು! ಉಳಿದವರನ್ನ ಯಾರೂ ಕೇಳಲೇ ಇಲ್ಲ, ಸ್ನೇಹಿತರ ಪಟ್ಟಿಯಲ್ಲಿದ್ದದ್ದೇ ಅವರು ಮಾಡಿದ ತಪ್ಪು. ನಮ್ಮಮ್ಮನದು ಇವತ್ತಿಗೂ ಕೀಪ್ಯಾಡ್ ಫೋನು. ನಾನು ಕಾಂಟ್ಯಾಕ್ಟ್ಸಿಗೆ ಅನುಮತಿ ಕೊಟ್ಟ ದಿನ ಅವಳ ನಂಬರೂ ಹೋಯ್ತು. ಅವಳ ಪರವಾಗಿ ಒಪ್ಪೋಕೆ ನಾನ್ಯಾರು?

ಈರಣ್ಣ, ಧಾರವಾಡ: ಖರೇ ಮಾತ್ರೀ. ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಆಧಾರ್ ವಿಷಯಕ್ಕ ಸುಪ್ರೀಂ ಕೋರ್ಟಿಗೆ ಹೋಗಿದ್ದಕ್ಕ, 2017ರಾಗ ಒಂಬತ್ತು ಮಂದಿ ಪೀಠ ಖಾಸಗಿತನ ಮೂಲಭೂತ ಹಕ್ಕು ಅಂತ ಹೇಳಿತು. ಆ ಹಕ್ಕನ್ನ ಒಂದು ಗುಂಡಿ ಒತ್ತಿ ಬಿಟ್ಟುಕೊಡೂದಂದ್ರ ನನಗ ಸಂಕಟ ಆಗ್ತದ.

ಕಿರಣ್: 335ರ ಲೆಕ್ಕ ನನಗೆ ಗೊತ್ತಿರಲಿಲ್ಲ. ಆದರೂ 2023ರಲ್ಲಿ ಡೇಟಾ ರಕ್ಷಣೆ ಕಾಯ್ದೆ ಬಂದಿದೆ, ದಂಡ 250 ಕೋಟಿವರೆಗೆ. ಕಾನೂನು ನೋಡ್ಕೊಳ್ಳಲಿ.

ರಮ್ಯಾ, ಮೈಸೂರು: ಆ ಕಾಯ್ದೆಯ ನಿಯಮಗಳು ಹೊರಬಂದದ್ದೇ 2025ರ ನವೆಂಬರಿನಲ್ಲಿ. ಅದೇ ತಿಂಗಳು ಮೇಲ್ಮನವಿ ನ್ಯಾಯಮಂಡಳಿ ಮೆಟಾದ ದಂಡ ಉಳಿಸಿ, ಜಾಹೀರಾತಿಗಾಗಿ ವಾಟ್ಸ್ಆಪ್ ಐದು ವರ್ಷ ಮೆಟಾ ಜೊತೆ ಮಾಹಿತಿ ಹಂಚಬಾರದು ಅನ್ನೋ ಆಯೋಗದ ನಿರ್ಬಂಧ ತೆಗೆದುಹಾಕಿತು. ಜನರಿಗೆ ಬೇಕಿದ್ದದ್ದು ಆ ನಿರ್ಬಂಧ.

ಭಟ್ಟರು, ಶಿರಸಿ: ಆ ಕಾಂಟ್ಯಾಕ್ಟ್ಸ್ ಅನುಮತಿ ಈಗ ತೆಗೆದ್ರೆ ಧಾರಣೆ ಗುಂಪು ಹೋಗ್ತದ?

ರಮ್ಯಾ, ಮೈಸೂರು: ಇಲ್ಲ ಭಟ್ಟರೇ, ಗುಂಪು ಇರತ್ತೆ. ನೀವು ಬರೆದಿಟ್ಟ ಹೆಸರುಗಳ ಬದಲು ನಂಬರು ಕಾಣತ್ತೆ, ಅಷ್ಟೆ. ಫೋನಿನ ಸೆಟ್ಟಿಂಗ್ಸಿನಲ್ಲಿ ಆ್ಯಪ್ ಅನುಮತಿಗಳು ಅಂತಿದೆ ನೋಡಿ.