ಮಳೆಗಾಲದ ಕೊಡಗಿನಲ್ಲಿ ಎಳೆ ಮಗುವಿನ ನಿದ್ದೆ

ಜುಲೈಯಲ್ಲಿ ಮೂರು ತಿಂಗಳ ಮಗುವನ್ನು ವಿಮಾನದಲ್ಲಿ ಬೆಂಗಳೂರಿಗೆ ತಂದು ಅಲ್ಲಿಂದ ಮಡಿಕೇರಿಗೆ ಕರೆದುಕೊಂಡು ಹೋಗಬಹುದಾ, ಅಲ್ಲಿನ ಎತ್ತರಕ್ಕೂ ಚಳಿಗೂ ನಿದ್ದೆಯಲ್ಲಿ ಉಸಿರಿಗೆ ತೊಂದರೆ ಆಗುತ್ತಾ ಅಂತ ನಿನ್ನೆ ಕೇಳಿದ್ದಿರಲ್ಲ, ಅದಕ್ಕೆ ಸ್ವಲ್ಪ ಉದ್ದವಾಗಿಯೇ ಬರೆಯುತ್ತಿದ್ದೇನೆ. ನಾನು ಮೆಲ್ಬರ್ನ್‌ನಲ್ಲಿ ನವಜಾತ ಶಿಶುಗಳ ವಾರ್ಡಿನಲ್ಲಿ ನರ್ಸ್. ಈಗ ತಂಗಿಯ ಬಾಣಂತನಕ್ಕೆಂದು ಸುಂಟಿಕೊಪ್ಪದ ತವರಿಗೆ ಬಂದಿದ್ದೇನೆ.

ಎತ್ತರದ ಚಿಂತೆ ಬಿಡಿ. ಮಡಿಕೇರಿ ಇರುವುದು ಸುಮಾರು 1,150 ಮೀಟರ್ ಎತ್ತರದಲ್ಲಿ. ವಿಮಾನದೊಳಗಿನ ಗಾಳಿ ಸಾಮಾನ್ಯವಾಗಿ 1,800ರಿಂದ 2,400 ಮೀಟರ್ ಎತ್ತರದ ಗಾಳಿಯಷ್ಟು ತೆಳುವಾಗಿರುತ್ತದೆ. ಬೆಂಗಳೂರಿನಲ್ಲಿ ಇಳಿಯುವ ಹೊತ್ತಿಗೆ ನಿಮ್ಮ ಮಗು ಗಂಟೆಗಟ್ಟಲೆ ಅದರಲ್ಲೇ ಉಸಿರಾಡಿರುತ್ತದೆ. ದಿನ ತುಂಬುವ ಮೊದಲೇ ಹುಟ್ಟಿದ್ದರೆ, ಶ್ವಾಸಕೋಶದ ಅಥವಾ ಹೃದಯದ ತೊಂದರೆ ಇದ್ದರೆ ಮಾತ್ರ ಟಿಕೆಟ್ ಮಾಡಿಸುವ ಮೊದಲು ಡಾಕ್ಟರನ್ನು ಕೇಳಿ.

ನನಗೆ ಚಿಂತೆ ಇರುವುದು ನಮ್ಮ ಮನೆಗಳ ಒಳಗಿನ ಕಾವಿನ ಬಗ್ಗೆ. ಮಳೆ ಹಿಡಿದರೆ ವಾರಗಟ್ಟಲೆ ಬಿಡುವುದಿಲ್ಲ. ಕಿಟಕಿಯೆಲ್ಲ ಮುಚ್ಚಿ, ಎಣ್ಣೆನೀರು ಹಾಕಿ, ಸಾಂಬ್ರಾಣಿ ಹೊಗೆ ಹಿಡಿದು, ಕುಲಾವಿ ಕಟ್ಟಿ, ಮೇಲೆ ಕಂಬಳಿ ಹೊದಿಸಿ ಮಲಗಿಸುತ್ತಾರೆ. ಮಗು ಮಿಸುಕಾಡದೆ ನಾಲ್ಕೈದು ಗಂಟೆ ಮಲಗಿದರೆ ಎಲ್ಲರಿಗೂ ಸಮಾಧಾನ. ಆದರೆ ಈ ವಯಸ್ಸಿನಲ್ಲಿ ಆಗಾಗ ಎಚ್ಚರವಾಗುವ ಶಕ್ತಿಯೇ ಮಗುವನ್ನು ಕಾಯುತ್ತದೆ, ಕಾವು ಹೆಚ್ಚಾದರೆ ಅದೇ ಮಂದವಾಗುತ್ತದೆ.

ಮುಖಕ್ಕೆ ಬಟ್ಟೆ ಅಡ್ಡ ಬಂತು ಅಂತ ಇಟ್ಟುಕೊಳ್ಳಿ. ಬಿಟ್ಟ ಉಸಿರನ್ನೇ ಮತ್ತೆ ಎಳೆದುಕೊಂಡು ಆಮ್ಲಜನಕ ಕಡಿಮೆಯಾಗುತ್ತದೆ, ಇಂಗಾಲದ ಡೈಆಕ್ಸೈಡ್ ಏರುತ್ತದೆ. ಮಿದುಳಿನ ಬುಡಕ್ಕೆ ಅದು ಗೊತ್ತಾಗುತ್ತದೆ. ಮೊದಲು ಒಂದು ದೀರ್ಘ ಉಸಿರು, ಆಮೇಲೆ ಬೆಚ್ಚಿ ಕೈ ಚೆಲ್ಲುವುದು, ತಲೆ ಹೊರಳಿಸುವುದು, ಕೊನೆಗೆ ಪೂರ್ತಿ ಎಚ್ಚರವಾಗಿ ಅಳುವುದು. ಸಣ್ಣ ತೊಂದರೆಯಾದರೆ ತಲೆ ಹೊರಳಿಸುವಷ್ಟಕ್ಕೇ ಮುಗಿಯುತ್ತದೆ, ಮಗು ಮತ್ತೆ ನಿದ್ದೆಗೆ ಜಾರುತ್ತದೆ. ನಮಗೆ ಗೊತ್ತೂ ಆಗುವುದಿಲ್ಲ. ಕೆಲವು ಮಕ್ಕಳಲ್ಲಿ ಈ ಸರಪಳಿ ಎಲ್ಲೋ ತುಂಡಾಗುತ್ತದೆ. ನಿದ್ದೆಯಲ್ಲೇ ಕಾರಣ ತಿಳಿಯದೆ ತೀರಿಕೊಂಡ ಮಕ್ಕಳ ಮಿದುಳುಬುಡದಲ್ಲಿ, ಉಸಿರು ಮತ್ತು ಎಚ್ಚರ ಎರಡಕ್ಕೂ ಬೇಕಾದ ಸಿರೊಟೋನಿನ್ (ನರಗಳ ನಡುವೆ ಸುದ್ದಿ ಒಯ್ಯುವ ರಾಸಾಯನಿಕ) ವ್ಯವಸ್ಥೆ ಸರಿಯಿರಲಿಲ್ಲ ಎಂದು ಬಾಸ್ಟನ್‌ನ ಸಂಶೋಧಕಿ ಹ್ಯಾನಾ ಕಿನ್ನಿ ಅವರ ತಂಡ 2006ರಲ್ಲಿ ತೋರಿಸಿತು. ಯಾವ ಮಗುವಿಗೆ ಆ ಕೊರತೆ ಇದೆ ಅಂತ ಹೊರಗಿನಿಂದ ನೋಡಿ ಹೇಳಲು ಬರುವುದಿಲ್ಲ. ಇಂಥ ಸಾವು ಹೆಚ್ಚಾಗಿ ಕಾಣುವುದು ಎರಡರಿಂದ ನಾಲ್ಕು ತಿಂಗಳ ನಡುವೆ. ನಿಮ್ಮ ಮಗು ಬರುತ್ತಿರುವುದು ಸರಿಯಾಗಿ ಅದೇ ವಯಸ್ಸಿನಲ್ಲಿ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ನಮ್ಮ ಮೊನಾಶ್ ವಿಶ್ವವಿದ್ಯಾಲಯದಲ್ಲಿ ರೋಸ್‌ಮರಿ ಹಾರ್ನ್ ಅವರ ತಂಡ ಮಲಗಿದ ಮಕ್ಕಳ ಮೂಗಿಗೆ ಮೆಲ್ಲಗೆ ಗಾಳಿ ಊದಿ ನೋಡಿತು. ಬೋರಲು ಮಲಗಿದ ಎಳೆ ಮಕ್ಕಳನ್ನು ಎಚ್ಚರಿಸಲು ಇನ್ನೂ ಜೋರಾಗಿ ಊದಬೇಕಾಯಿತು. ಅದಕ್ಕೇ ಅಂಗಾತ ಮಲಗಿಸಿ ಅನ್ನುವುದು. ಬ್ರಿಟನ್, ಆಸ್ಟ್ರೇಲಿಯಾಗಳಲ್ಲಿ 1991ರಿಂದ, ಅಮೆರಿಕದಲ್ಲಿ 1994ರಿಂದ ಈ ಪ್ರಚಾರ ನಡೆದ ಮೇಲೆ ಇಂಥ ಸಾವುಗಳು ಅರ್ಧಕ್ಕೂ ಕೆಳಗಿಳಿದವು. ಮಗ್ಗುಲಾಗಿಯೂ ಬೇಡ, ಸುಲಭವಾಗಿ ಬೋರಲು ಬೀಳುತ್ತದೆ.

ಅಂಗಾತ ಮಲಗಿಸಿದರೆ ಕಕ್ಕಿದ ಹಾಲು ಉಸಿರುನಾಳಕ್ಕೆ ಹೋಗುವುದಿಲ್ವಾ ಅಂತ ಇಲ್ಲಿ ಒಬ್ಬರು ಕೇಳಿದ್ದರು. ಅಂಗಾತ ಮಲಗಿದಾಗ ಉಸಿರುನಾಳ ಮೇಲೆ, ಅನ್ನನಾಳ ಕೆಳಗೆ. ಹಾಲು ಮೇಲಕ್ಕೆ ಹತ್ತಿ ಹೋಗಬೇಕು. ಬೋರಲಾದಾಗ ಇದು ತಿರುಗುಮುರುಗು. ಆರೋಗ್ಯವಾಗಿರುವ ಮಗು ಕೆಮ್ಮಿ, ನುಂಗಿ ದಾರಿ ಸರಿ ಮಾಡಿಕೊಳ್ಳುತ್ತದೆ.

ಇನ್ನು ರಾತ್ರಿ ನಿಮ್ಮನ್ನು ಹೆದರಿಸುವ ಉಸಿರು. ತಂಗಿ ಮೊನ್ನೆ ಓಡಿ ಬಂದು ನನ್ನನ್ನು ಎಬ್ಬಿಸಿದ್ದು ಇದಕ್ಕೇ. ಟಾರ್ಚ್ ಹಿಡಿದು ನೋಡಿದೆವು. ಮಗುವಿನ ಹೊಟ್ಟೆ ಪಟಪಟ ಏರಿಳಿಯುತ್ತಿತ್ತು, ಗಕ್ಕನೆ ನಿಂತಿತು. ಒಂದು, ಎರಡು ಎಂದು ಎಣಿಸಿದೆ. ಆರು ಅನ್ನುವಷ್ಟರಲ್ಲಿ ಮತ್ತೆ ಶುರು. ತುಟಿ ಕೆಂಪಗೇ ಇತ್ತು. ಐದರಿಂದ ಹತ್ತು ಸೆಕೆಂಡ್ ನಿಂತು ಮುಂದುವರಿಯುವುದು ಮೊದಲ ತಿಂಗಳುಗಳಲ್ಲಿ ಸಹಜ. ಆದರೆ 20 ಸೆಕೆಂಡ್ ನಿಂತರೆ, ತುಟಿ ನೀಲಿಯಾದರೆ, ಮೈ ಜೋಲಿದರೆ, ಉಸಿರೆಳೆಯುವಾಗ ಪಕ್ಕೆ ಗುಳಿ ಬಿದ್ದರೆ ಕಾಯಬೇಡಿ.

ಅತ್ತೆಗೆ ಹೇಗೆ ಹೇಳುವುದು ಅಂತ ಕೇಳಿದ್ದೀರಿ. ನಮ್ಮ ಅಮ್ಮನೂ "ನಿಮ್ಮಿಬ್ಬರನ್ನೂ ಹೀಗೇ ಸಾಕಿಲ್ವಾ?" ಅಂದರು. ವಾದ ಮಾಡಲಿಲ್ಲ. ಅಮ್ಮನ ಬೆರಳನ್ನೇ ಮಗುವಿನ ಕತ್ತಿನ ಹಿಂದೆ ಇಡಿಸಿದೆ. ಬೆವರು ಅಂಟಿತು. ಕಂಬಳಿ ಅವರೇ ತೆಗೆದರು. ಅಂಗೈ, ಅಂಗಾಲು ತಣ್ಣಗಿದ್ದರೆ ಪರವಾಗಿಲ್ಲ, ಕತ್ತು ಮತ್ತು ಎದೆ ಮುಟ್ಟಿ ನೋಡಿ. ನಾವು ಹಾಕಿಕೊಂಡದ್ದಕ್ಕಿಂತ ಒಂದು ಪದರ ಜಾಸ್ತಿ ಸಾಕು. ಮಲಗುವಾಗ ಕುಲಾವಿ ಬೇಡ, ಎಳೆ ಮಗುವಿನ ಮೈ ಕಾವು ತಲೆಯಿಂದಲೂ ಸಾಕಷ್ಟು ಹೋಗುತ್ತದೆ. ಸೀರೆ ಜೋಲಿಯಲ್ಲಿ ಗದ್ದ ಎದೆಗೆ ಒತ್ತುತ್ತದೆ, ಅದೂ ರಾತ್ರಿಗೆ ಬೇಡ. ಗಟ್ಟಿ ಹಾಸಿಗೆ, ದಿಂಬಿಲ್ಲದ ತೊಟ್ಟಿಲು, ನಿಮ್ಮದೇ ಕೋಣೆಯಲ್ಲಿ.

ಒಂದು ವಿಷಯದಲ್ಲಿ ಮಾತ್ರ ದಾಕ್ಷಿಣ್ಯ ಬೇಡವೇ ಬೇಡ. ಹಂಡೆ ಒಲೆಯ ಕೆಂಡವನ್ನು ಬಾಣಲೆಯಲ್ಲಿ ತಂದು ಬಾಣಂತಿ ಕೋಣೆಯಲ್ಲಿಟ್ಟು ಬಾಗಿಲು ಹಾಕುವುದುಂಟು. ಅದರಿಂದ ಕಾರ್ಬನ್ ಮಾನಾಕ್ಸೈಡ್ ಬರುತ್ತದೆ. ವಾಸನೆ ಇಲ್ಲ, ಹೊಗೆಯೂ ಕಾಣುವುದಿಲ್ಲ, ದೊಡ್ಡವರೇ ಏಳಲಾರರು. ಬೀಡಿ, ಸಿಗರೇಟಿನ ಹೊಗೆಯೂ ಮಗುವಿನ ಎಚ್ಚರವನ್ನು ಮಂದ ಮಾಡುತ್ತದೆ. ಸೇದುವವರು ಮಾವನೇ ಆಗಲಿ, ಅಂಗಳಕ್ಕೆ ಹೋಗಲಿ. ಕುಡಿದವರ ಪಕ್ಕ ಮಗುವನ್ನು ಮಲಗಿಸಬೇಡಿ, ಹಬ್ಬದ ದಿನವೂ ಸರಿ.

ಕಾಲಿಗೆ ಕಟ್ಟುವ ಆಕ್ಸಿಜನ್ ಮಾನಿಟರ್ ತರಲೇ ಅಂದಿರಿ. ಅದು ಇಂಥ ಸಾವನ್ನು ತಡೆಯುತ್ತದೆ ಅನ್ನುವುದಕ್ಕೆ ಆಧಾರ ಸಿಕ್ಕಿಲ್ಲ, ಸುಮ್ನೆ ರಾತ್ರಿಯಿಡೀ ಬಡಿದುಕೊಳ್ಳುತ್ತದೆ. ಅದರ ಬದಲು ಮನೆಯಿಂದ ಮಡಿಕೇರಿಯ ಜಿಲ್ಲಾ ಆಸ್ಪತ್ರೆಗೆ ಎಷ್ಟು ಹೊತ್ತು, ಮಣ್ಣು ಕುಸಿದರೆ ಬೇರೆ ದಾರಿ ಯಾವುದು ಎಂದು ಮಾವನವರ ಹತ್ತಿರ ಮೊದಲೇ ಕೇಳಿಟ್ಟುಕೊಳ್ಳಿ. ಬೆಂಗಳೂರಿಂದ ಬರುವಾಗ ಕಾರ್ ಸೀಟಿನಲ್ಲಿ ಮಗುವಿನ ಗದ್ದ ಎದೆಗೆ ಬಿದ್ದಿದೆಯಾ ಅಂತ ಹಿಂದೆ ಕೂತವರು ನೋಡುತ್ತಿರಲಿ. ಕುಶಾಲನಗರದಲ್ಲಿ ಇಳಿಸಿ ಸ್ವಲ್ಪ ಹೊತ್ತು ಎತ್ತಿಕೊಳ್ಳಿ, ಆಮೇಲೆ ಘಾಟಿ ಹತ್ತಿ. ಕಂಬಳಿಯ ಬದಲಿಗೆ ತೊಡಿಸುವ ಸ್ಲೀಪಿಂಗ್ ಬ್ಯಾಗ್ ನೀವಿರುವ ಊರಿಂದಲೇ ಮೂರ್ನಾಲ್ಕು ತನ್ನಿ. ಒಂದು ಒಗೆದು ಹಾಕಿದರೆ ಈ ಮಳೆಯಲ್ಲಿ ಬೇಗ ಒಣಗುವುದಿಲ್ಲ.