‘ಜೆನೆಟಿಕ್ ಮಾರ್ಕರ್’ಗೆ ಕನ್ನಡದಲ್ಲಿ ಏನು? ನಾಳೆ ಸಂಜೆಯೊಳಗೆ ಬೇಕು

ಎಲ್ಲರಿಗೂ ನಮಸ್ಕಾರ. ಮೂತ್ರದಲ್ಲಿ ರಕ್ತ ಹೋಗುತ್ತದೆ ಎಂದು ಬರುವ ರೋಗಿಗಳಿಗೆ ಕೊಡುವ ಕರಪತ್ರ ಅನುವಾದಿಸುತ್ತಿದ್ದೇನೆ. ಮೂತ್ರಚೀಲದ ಕ್ಯಾನ್ಸರ್ ಇದೆಯೇ ಎಂದು ಮೂತ್ರದಲ್ಲೇ ಹುಡುಕುವ ಪರೀಕ್ಷೆಯ ಬಗ್ಗೆ ಅದು. ನಾಳೆ ಅಚ್ಚಿಗೆ ಹೋಗುತ್ತದೆ. ‘ಮೂತ್ರಾಧಾರಿತ ಆನುವಂಶಿಕ ಸೂಚಕಗಳು’ ಎಂದು ಬರೆದಿದ್ದೆ. ವಾರ್ಡಿನ ಆಯಾ ಓದಿ, “ಅಂದ್ರೆ ಮಕ್ಕಳಿಗೂ ಬರುತ್ತಾ ಮೇಡಂ?” ಅಂದರು. ಕೈ ನಿಂತುಹೋಯಿತು. ಇನ್ನೊಂದು ತೊಡಕು: ‘ಮೂತ್ರಕೋಶದ ಜೀವಕೋಶ’ ಎಂದರೆ ಎರಡು ಕೋಶ. ಮೂತ್ರಕೋಶ ಅಂದರೆ ಮೂತ್ರಚೀಲ, ಆದರೆ ಅದನ್ನು ಕಿಡ್ನಿ ಅಂದುಕೊಳ್ಳುವವರೂ ಇದ್ದಾರೆ.
– ತುಮಕೂರಿನಿಂದ

ಸೂಚಕ ಬಿಸಾಡಿ. ಕುರುಹು. ಹಳಗನ್ನಡದಲ್ಲಿ ಕುಱುಹು, ಶಕಟರೇಫ ಅಂದರೆ ಈಗ ಬಿಟ್ಟುಹೋದ ಱ ಅಕ್ಷರ ಇದೆ. ಗುರಿ, ಗುರುತು ಎಲ್ಲ ಅದೇ ಬೇರಿನವು, ತಮಿಳಿನ ‘ಕುಱಿ’ಯೂ ಅದೇ. ‘ವಂಶವಾಹಿ ಕುರುಹು’ ಎಂದು ಬರೆಯಿರಿ. ಮುಗಿಯಿತು.
– ಧಾರವಾಡ

ಮುಗಿಯಲಿಲ್ಲ ಸಾರ್. ವಂಶವೇ ಇಲ್ಲಿ ತಪ್ಪು. ನಾನು ವೈದ್ಯ, ವ್ಯಾಕರಣ ನಿಮಗೇ ಬಿಟ್ಟೆ. ಎಫ್‌ಜಿಎಫ್‌ಆರ್3, ಟರ್ಟ್ ಜೀನ್‌ಗಳಲ್ಲಿ ಈ ಪರೀಕ್ಷೆಗಳು ಹುಡುಕುವ ಬದಲಾವಣೆ ಅಪ್ಪ ಅಮ್ಮನಿಂದ ಬಂದದ್ದಲ್ಲ. ಬದುಕಿನ ನಡುವೆ ಮೂತ್ರಚೀಲದ ಒಳಪದರದಲ್ಲಿ ಆದದ್ದು. ದೊಡ್ಡ ಕಾರಣ ಬೀಡಿ ಸಿಗರೇಟು. 1895ರಲ್ಲೇ ಜರ್ಮನಿಯ ಲುಡ್ವಿಗ್ ರೆನ್ ಬಣ್ಣದ ಕಾರ್ಖಾನೆಯ ಕೆಲಸಗಾರರಲ್ಲಿ ಈ ಗಡ್ಡೆ ಕಂಡಿದ್ದರು. ಅವರಿಗೆಲ್ಲ ಒಂದೇ ವಂಶವಾ? ಕ್ರೋಮೋಸೋಮ್‌ಗಳಿಗೆ ಹೊಳೆಯುವ ಬಣ್ಣ ಅಂಟಿಸಿ ನೋಡುವ ಫಿಶ್ ಪರೀಕ್ಷೆಯಲ್ಲಂತೂ 3, 7, 17ನೇ ಕ್ರೋಮೋಸೋಮ್ ಹೆಚ್ಚಾಗಿವೆಯಾ, 9ರಲ್ಲಿ ಒಂದು ಚೂರು ಕಳೆದಿದೆಯಾ ಎಂದು ಎಣಿಸುತ್ತಾರೆ, ಅಷ್ಟೇ.
– ಮೈಸೂರು

ಹಾಗಾದರೆ ಜೀನ್‌ಗೆ ಅಚ್ಚಗನ್ನಡದ ಪೀಳಿ. ‘ಪೀಳಿಗುರುತು’. ಮೂತ್ರಚೀಲ ಯಾಕೆ, ಉಚ್ಚೆಚೀಲ ಅನ್ನಿ. ಕ್ಯಾನ್ಸರ್ ಯಾಕೆ, ಏಡಿಗಂತಿ ಇದೆಯಲ್ಲ. ಎಲ್ಲದಕ್ಕೂ ಸಂಸ್ಕೃತ, ಇಂಗ್ಲಿಷಿನ ಮುಂದೆ ಕೈಚಾಚುವುದು ಯಾವಾಗ ಬಿಡುತ್ತೀರಿ?
– ಶಿವಮೊಗ್ಗ

ಪೀಳಿ ಎಲ್ಲಿಂದ ಬಂತು? ಪೀಳಿಗೆಯಿಂದ. ಮತ್ತೆ ಅದೇ ವಂಶ! ಏಡಿಗಂತಿಯೂ ಲ್ಯಾಟಿನ್ನಿನ ಏಡಿಗೆ ಕನ್ನಡ ಅಂಗಿ ತೊಡಿಸಿದ್ದು. ಏಡಿಗಂತಿ ಆಗಿದೆ ಎಂದು ನೆಂಟರಿಗೆ ಫೋನ್ ಮಾಡಿ ಹೇಳಿದವರನ್ನು ತೋರಿಸಿ.
– ಮೈಸೂರು

1909ರಲ್ಲಿ ಡೆನ್ಮಾರ್ಕಿನ ಸಸ್ಯವಿಜ್ಞಾನಿ ಯೋಹಾನ್ಸೆನ್ ‘ಜೀನ್’ ಎಂದು ಹೆಸರಿಟ್ಟಾಗ ಅದರೊಳಗೂ ಹುಟ್ಟು ಎಂಬ ಅರ್ಥದ ಗ್ರೀಕ್ ಬೇರೇ ಇತ್ತು. ಅದಕ್ಕೆ ತಕರಾರಿಲ್ಲ, ಕನ್ನಡಕ್ಕೆ ಮಾತ್ರ ತಕರಾರು. ಚೆನ್ನಾಗಿದೆ.
– ಶಿವಮೊಗ್ಗ

ಇಬ್ಬರೂ ಸ್ವಲ್ಪ ನಿಲ್ಲಿ. ಶಿವಮೊಗ್ಗದವರು ಹೇಳಿದ್ದರಲ್ಲೇ ನನಗೆ ಉತ್ತರ ಸಿಕ್ಕಿತು. ಜೀನ್ ಒಳಗಿನ ಹುಟ್ಟು ನಮ್ಮ ರೋಗಿಯ ಕಿವಿಗೆ ಬೀಳುವುದಿಲ್ಲ. ವಂಶವಾಹಿ ಅಂದರೆ ವಂಶವೇ ಮೊದಲು ಕೇಳಿಸುತ್ತದೆ. ಅರ್ಥ ಒಡೆದು ಕಾಣದಿರುವುದೇ ಇಲ್ಲಿ ಎರವಲು ಪದದ ಅನುಕೂಲ. ಎಲ್ಲ ಕಡೆಯೂ ಹಾಗೇ ಎನ್ನುವುದಿಲ್ಲ. ಉಚ್ಚೆಚೀಲಕ್ಕೆ ನನ್ನ ಆಕ್ಷೇಪವಿಲ್ಲ, ಆದರೆ ಆಸ್ಪತ್ರೆಯವರು ಒಪ್ಪಲಿಲ್ಲ. ಆಯಾಗೆ ಓದಿಸಿ ಹೀಗೆ ಕಳಿಸಿದೆ:

“ಮೂತ್ರಚೀಲದಲ್ಲಿ ಕ್ಯಾನ್ಸರ್ ಇದ್ದರೆ ಅದರ ಜೀವಕೋಶಗಳು ಉದುರಿ ಮೂತ್ರಕ್ಕೆ ಸೇರುತ್ತವೆ. ಅವುಗಳ ಜೀನ್‌ಗಳಲ್ಲಿ ಕ್ಯಾನ್ಸರಿನ ಗುರುತು ಇದೆಯೇ ಎಂದು ಈ ಪರೀಕ್ಷೆ ನೋಡುತ್ತದೆ. ಇದು ಮಕ್ಕಳಿಗೆ ಹೋಗುವ ಗುರುತಲ್ಲ. ಗುರುತು ಸಿಗಲಿಲ್ಲ ಎಂದು ಕ್ಯಾಮೆರಾ ಹಾಕಿ ನೋಡುವ ಪರೀಕ್ಷೆ ಬಿಡಬೇಡಿ.”
– ತುಮಕೂರಿನಿಂದ

ಕುರುಹು.
– ಧಾರವಾಡ